ಕೈತಪ್ಪಿದ ಸಮಯಕ್ಕೂ ಲೆಕ್ಕವಿರಲಿ

ಕರ್ನಾಟಕ ಸರ್ಕಾರದ ಇ-ಆಡಳಿತ ಇಲಾಖೆಯ ಮುಖ್ಯಸ್ಥರಿಗೆ ಬಹಿರಂಗ ಪತ್ರ

ಮಾನ್ಯರೆ,

ಕಡೂರು, ತರೀಕೆರೆ ಮತ್ತು ತರೀಕೆರೆಯಿಂದ ಬೇರ್ಪಟ್ಟು ತಾಲ್ಲೂಕಾದ ಅಜ್ಜಂಪುರದಲ್ಲಿ ಪಹಣಿ, ಜಾತಿ-ಆದಾಯ ಪ್ರಮಾಣಪತ್ರ, ಋಣಭಾರ ಪ್ರಮಾಣಪತ್ರಗಳು ಭೂಮಿ, ನಾಡಕಚೇರಿ, ಕಾವೇರಿ ತಂತ್ರಾಂಶಗಳ ಮೂಲಕವೇ ಜನರ ಕೈಸೇರುವುದರಿಂದ, ಎಲ್ಲೋ ಇರುವ ಸರ್ವರ್ ನಿಧಾನವಾದರೆ ಯಗಟಿಯಿಂದಲೋ ಶಿವನಿಯಿಂದಲೋ ಬಂದವರ ಒಂದು ದಿನದ ಕೂಲಿ ಹೋಗುತ್ತದೆ. ಕೌಂಟರಿನಲ್ಲಿ ಅದಕ್ಕೆ ಸಿಗುವ ವಿವರಣೆ ‘ಸರ್ವರ್ ಬ್ಯುಸಿ’ ಎಂಬುದಷ್ಟೇ. ಆ ‘ಬ್ಯುಸಿ’ಯನ್ನು ಅಳೆಯುವ ಕ್ರಮದ ಕುರಿತೇ ಈ ಪತ್ರ.

ಡೇಟಾ ಸೆಂಟರ್‌ಗಳಲ್ಲಿ ತಂತ್ರಾಂಶಗಳು ಇಂದು ಬಹುಮಟ್ಟಿಗೆ ವರ್ಚುವಲ್ ಮಷೀನ್‌ಗಳಲ್ಲಿ, ಅಂದರೆ ಒಂದೇ ಭೌತಿಕ ಯಂತ್ರವನ್ನು ಹಂಚಿಕೊಂಡಿದ್ದರೂ ತಾನೇ ಪೂರ್ಣ ಯಂತ್ರವೆಂದು ಭಾವಿಸುವ ತಂತ್ರಾಂಶರೂಪದ ಯಂತ್ರಗಳಲ್ಲಿ, ನಡೆಯುತ್ತವೆ. ಯಾವ ಕ್ಷಣದಲ್ಲಿ ಯಾವುದಕ್ಕೆ ಪ್ರೊಸೆಸರ್ ಕೊಡಬೇಕೆಂದು ತೀರ್ಮಾನಿಸುವುದು ಅವುಗಳ ಕೆಳಗಿರುವ ಹೈಪರ್‌ವೈಸರ್. ಕೆಲಸ ಸಿದ್ಧವಿದ್ದರೂ ಸರದಿ ಬಾರದೆ ಕಾದ ಹೊತ್ತಿಗೆ ‘ಸ್ಟೀಲ್ ಟೈಮ್’, ಕೈತಪ್ಪಿದ ಸಮಯ, ಎನ್ನುತ್ತಾರೆ. ತೊಡಕಿರುವುದು ಇಲ್ಲಿಯೇ. ತಡೆಹಿಡಿಯಲ್ಪಟ್ಟ ಯಂತ್ರಕ್ಕೆ ತಾನು ನಿಂತಿದ್ದೆನೆಂಬ ಅರಿವೇ ಇರುವುದಿಲ್ಲವಾದ್ದರಿಂದ, ಗಡಿಯಾರದ ಮಿಡಿತ ಎಣಿಸಿ ಲೆಕ್ಕ ಬರೆಯುವ ಕಾರ್ಯಾಚರಣಾ ವ್ಯವಸ್ಥೆ ಆ ಹೊತ್ತನ್ನೂ ಆಗ ನಡೆಯುತ್ತಿದ್ದ ತಂತ್ರಾಂಶದ ಖಾತೆಗೇ ಹಾಕಿಬಿಡುತ್ತದೆ. ಗಂಟೆ ಲೆಕ್ಕದ ಟ್ರ್ಯಾಕ್ಟರ್ ಅರ್ಧ ಹೊತ್ತು ಪಕ್ಕದ ಹೊಲ ಉತ್ತು ಬಂದರೂ ಬಾಡಿಗೆಯೆಲ್ಲ ಈ ಹೊಲದ ಮೇಲೆಯೇ ಬಿದ್ದಂತೆ. ಹತ್ತು ಸೆಕೆಂಡಿನಲ್ಲಿ ಆರು ಸೆಕೆಂಡಷ್ಟೇ ಪ್ರೊಸೆಸರ್ ದಕ್ಕಿದ ತಂತ್ರಾಂಶ ಹತ್ತನ್ನೂ ನುಂಗಿತೆಂದು ವರದಿಯಾದರೆ, ತಪ್ಪು ಅದನ್ನು ಬರೆದವರ ತಲೆಗೆ ಬರುತ್ತದೆ.

ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯಲ್ಲಿ ಈ ಕೈತಪ್ಪಿದ ಸಮಯಕ್ಕೆ ಪ್ರತ್ಯೇಕ ಅಂಕಣ 2005ರ 2.6.11 ಆವೃತ್ತಿಯಿಂದಲೇ ಇದೆ: ‘ಪ್ರೋಕ್’ನೊಳಗಿನ ‘ಸ್ಟ್ಯಾಟ್’ ಕಡತದ ಮೊದಲ ಸಾಲಿನ ಎಂಟನೆಯ ಸಂಖ್ಯೆಯೇ ಅದು, ‘ಟಾಪ್’ ಆಜ್ಞೆಯಲ್ಲಿ ‘ಎಸ್‌ಟಿ’ ಎಂದು ಕಾಣುತ್ತದೆ. ಆದರೆ ಆ ಅಂಕಿಯನ್ನು ಹೈಪರ್‌ವೈಸರ್ ತಾನಾಗಿ ತಿಳಿಸಬೇಕು. ಕ್ಸೆನ್, ಕೆವಿಎಂ ಎಂಬ ಹೈಪರ್‌ವೈಸರ್‌ಗಳು ತಿಳಿಸುತ್ತವೆ. ತಿಳಿಸದ ಕಡೆ ಅಲ್ಲಿ ಸೊನ್ನೆಯೇ ನಿಂತಿರುತ್ತದೆ, ಮತ್ತು ಆ ಸೊನ್ನೆಯನ್ನು ‘ಏನೂ ನಷ್ಟವಿಲ್ಲ’ ಎಂದು ಓದುವುದು ಲೆಕ್ಕವೇ ಇಲ್ಲದಿರುವುದಕ್ಕಿಂತ ಹೆಚ್ಚು ಅಪಾಯಕಾರಿ. ವಿಎಂವೇರ್ ಹೈಪರ್‌ವೈಸರ್ ಬಳಕೆಯಲ್ಲಿರುವ ಕಡೆ ಇದೇ ಕಾಯುವಿಕೆ ಆತಿಥೇಯ ಯಂತ್ರದ, ಅಂದರೆ ಕೆಳಗಿನ ಭೌತಿಕ ಯಂತ್ರದ, ‘ರೆಡಿ ಟೈಮ್’ ಎಂಬ ಅಳತೆಯಲ್ಲಿ ಸಿಗುತ್ತದೆ. ಅದನ್ನು ನೋಡುವ ಅಧಿಕಾರ ಸಾಮಾನ್ಯವಾಗಿ ಡೇಟಾ ಸೆಂಟರ್ ನಡೆಸುವವರಿಗಿರುತ್ತದೆಯೇ ಹೊರತು ತಂತ್ರಾಂಶದ ಇಲಾಖೆಗಲ್ಲ.

ನಿಧಾನಗತಿಗೆಲ್ಲ ಕೈತಪ್ಪಿದ ಸಮಯವೊಂದೇ ಕಾರಣವೆಂಬ ವಾದ ಇಲ್ಲಿಲ್ಲ. 2025ರ ಜನವರಿಯಲ್ಲಿ ಕಾವೇರಿ 2.0 ನೆಲಕಚ್ಚಿದಾಗ, ನಕಲಿ ಖಾತೆಗಳಿಂದ ರಾಶಿಗಟ್ಟಲೆ ಕೋರಿಕೆ ಕಳುಹಿಸಿದ ದಾಳಿ ಅದಕ್ಕೆ ಕಾರಣವೆಂದು ಸರ್ಕಾರವೇ ತಿಳಿಸಿತು. ಕೋರಿಕೆಗಳ ದಾಖಲೆ ಇದ್ದುದರಿಂದಲೇ ಅಂಥ ದಾಳಿಯನ್ನು ಗುರುತಿಸಲಾಗುತ್ತದೆ; ಕೈತಪ್ಪಿದ ಸಮಯಕ್ಕೂ ಅಂಥದೇ ದಾಖಲೆ ಬೇಕು. ಅದಿಲ್ಲದೆ ‘ಪ್ರೊಸೆಸರ್ ತುಂಬಿದೆ’ ಎಂಬ ವರದಿಯನ್ನಷ್ಟೇ ನಂಬಿ, ಆಗಲೇ ಇಕ್ಕಟ್ಟಾಗಿರುವ ಆತಿಥೇಯ ಯಂತ್ರದ ಮೇಲೆ ಇನ್ನಷ್ಟು ವರ್ಚುವಲ್ ಪ್ರೊಸೆಸರ್‌ಗಳನ್ನು ಹೇರಿದರೆ, ಹಣವೂ ಹೋಗಿ ಕ್ಯೂ ಇನ್ನೂ ಉದ್ದವಾಗುತ್ತದೆ.

ಆದುದರಿಂದ ತಾವು ನಾಗರಿಕ ಸೇವೆಯ ಪ್ರತಿ ವರ್ಚುವಲ್ ಮಷೀನಿನ ಕೈತಪ್ಪಿದ ಸಮಯವನ್ನು, ಒಳಗಿನಿಂದ ಸಿಗದಿದ್ದರೆ ಆತಿಥೇಯ ಯಂತ್ರದಿಂದ ಪಡೆದು, ನಿಮಿಷಕ್ಕೊಮ್ಮೆ ದಾಖಲಿಸಲು ಆದೇಶಿಸಬೇಕು; ಮುಂದಿನ ಗುತ್ತಿಗೆಗಳಲ್ಲಿ ಅದಕ್ಕೊಂದು ಗರಿಷ್ಠ ಮಿತಿಯನ್ನೂ ಸೇರಿಸಬೇಕು. ದಿನದ ಸರಾಸರಿಯನ್ನು ಮಾತ್ರ ದಯವಿಟ್ಟು ಒಪ್ಪಬಾರದು. ಬೆಳಿಗ್ಗೆ 10ರಿಂದ 1ರವರೆಗೆ ನೂರಕ್ಕೆ 40ರಷ್ಟು ಹೊತ್ತು ಕೈತಪ್ಪಿ ಉಳಿದ ವೇಳೆ ಏನೂ ತಪ್ಪದಿದ್ದರೆ, 24 ಗಂಟೆಗಳ ಸರಾಸರಿ ನೂರಕ್ಕೆ 5 ಎಂದಷ್ಟೇ ಕಾಣುತ್ತದೆ, ಮತ್ತು ತಾಲ್ಲೂಕು ಕಚೇರಿಯ ಮುಂದೆ ಜನ ನಿಲ್ಲುವುದು ಆ ಮೂರು ಗಂಟೆಗಳಲ್ಲಿಯೇ.

ಇತಿ,
ಮೂರು ತಾಲ್ಲೂಕುಗಳ ಅರ್ಜಿದಾರರ ಪರವಾಗಿ