ಪೊಟ್ಟಣದ ಹೆಪ್ಪು ಯಾರ ಸ್ವತ್ತು?

ಅಮೆರಿಕದಲ್ಲಿ 2024ರಲ್ಲಿ ಹೊಸದಾಗಿ ಬಾಗಿಲು ತೆರೆದ ಸಣ್ಣ ಬಿಯರ್ ಘಟಕಗಳಿಗಿಂತ ಬಾಗಿಲು ಮುಚ್ಚಿದವುಗಳ ಸಂಖ್ಯೆಯೇ ಹೆಚ್ಚಾಗಿತ್ತು. ಸುಮಾರು ಎರಡು ದಶಕಗಳಲ್ಲಿ ಹೀಗಾದದ್ದು ಅದೇ ಮೊದಲು. ಮನೆಯಲ್ಲೇ ಬಿಯರ್ ತಯಾರಿಸಿಕೊಳ್ಳುವ ಹವ್ಯಾಸವೂ ಹತ್ತು ವರ್ಷಗಳ ಹಿಂದಿನ ಭರಾಟೆಯನ್ನು ಕಳೆದುಕೊಂಡಿದೆ. ಆ ಹವ್ಯಾಸಿಗಳನ್ನೇ ನಂಬಿದ್ದ ಹಲವು ಅಂಗಡಿಗಳು ವ್ಯಾಪಾರ ನಿಲ್ಲಿಸಿವೆ. ವಾಣಿಜ್ಯ ಪುಟಗಳಿಗೆ ಇದು ಮಾರುಕಟ್ಟೆಯ ಏರಿಳಿತದ ಇನ್ನೊಂದು ಸುದ್ದಿ. ನನ್ನ ಕುತೂಹಲವಾದರೋ ಆ ಅಂಗಡಿಗಳ ಮೂಲೆಯಲ್ಲಿರುವ, ಗಾಜಿನ ಬಾಗಿಲಿನ ಫ್ರಿಜ್‌ನ ಬಗ್ಗೆ. ಅದರೊಳಗೆ ಸಾಲಾಗಿ ಜೋಡಿಸಿಟ್ಟ ಪೊಟ್ಟಣಗಳಲ್ಲಿ ದ್ರವರೂಪದ ಜೀವಂತ ಯೀಸ್ಟ್ ಇರುತ್ತದೆ. ಒಂದೊಂದಕ್ಕೂ ಒಂದು ಸಂಖ್ಯೆ, ಹಲವಕ್ಕೆ ಒಂದು ಊರಿನ ಹೆಸರು. ಬೇಡಿಕೆ ಇಲ್ಲವೆಂದು ಆ ಸಾಲು ಕರಗತೊಡಗಿದರೆ ಕಳೆದುಹೋಗುವುದೇನು? ಆ ಜೀವಿಗಳು ಮೊದಲಿಗೆ ಯಾರವು?

ಮದ್ಯದ ಮಾತು ಬಂದೊಡನೆ ಮುಖ ಸಿಂಡರಿಸುವ ಓದುಗರೂ ಇದ್ದಾರೆಂದು ಬಲ್ಲೆ. ಕರ್ನಾಟಕ ಅಬಕಾರಿ ಕಾಯ್ದೆ, 1965ರ ಪ್ರಕಾರ ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದು ಅಪರಾಧ; ಇಲ್ಲಿ ಯಾರಿಗೂ ಪಾಕವಿಧಾನ ಹೇಳಿಕೊಡುವ ಉದ್ದೇಶ ನನಗಿಲ್ಲ. ಆದರೆ 1992ರ ಡಿಸೆಂಬರಿನಲ್ಲಿ ಬೆಂಗಳೂರಿನ ಕಾರ್ಗಿಲ್ ಬೀಜ ಕಂಪನಿಯ ಕಚೇರಿಗೆ ರೈತರು ನುಗ್ಗಿದ ನಾಡು ನಮ್ಮದು. ಬೀಜ ಯಾರ ಸ್ವತ್ತು ಎಂದು ಪ್ರೊ. ಎಂ.ಡಿ. ನಂಜುಂಡಸ್ವಾಮಿ ಅಂದು ಎತ್ತಿದ ಪ್ರಶ್ನೆಯನ್ನೇ ಇನ್ನಷ್ಟು ಚಿಕ್ಕದಾದ, ಕಣ್ಣಿಗೆ ಕಾಣದ ಜೀವಿಯೊಂದರ ವಿಷಯದಲ್ಲಿ ಕೇಳಬಹುದೆಂಬುದಷ್ಟೇ ನನ್ನ ವಾದ.

ಬವೇರಿಯದಲ್ಲಿ 1516ರಲ್ಲಿ ಹೊರಟ ಪ್ರಸಿದ್ಧ ಶುದ್ಧತೆಯ ಶಾಸನವು ಬಿಯರಿಗೆ ಬಾರ್ಲಿ, ಹಾಪ್ಸ್ ಮತ್ತು ನೀರು ಇಷ್ಟೇ ಸಾಕೆಂದಿತು. ಯೀಸ್ಟ್‌ನ ಹೆಸರೇ ಅದರಲ್ಲಿಲ್ಲ. ಅದೊಂದು ಜೀವಿಯೆಂದು ಆಗ ಯಾರಿಗೂ ಗೊತ್ತಿರಲಿಲ್ಲ. ಹಳೆಯ ಪೀಪಾಯಿಯ ತಳದಲ್ಲಿ ಉಳಿದ ಗಸಿಯನ್ನು ಹೊಸದಕ್ಕೆ ಬೆರೆಸುತ್ತಿದ್ದರು. ಕೆಟ್ಟರೆ ಪಕ್ಕದ ಊರಿನಿಂದ ತರುತ್ತಿದ್ದರು. ಮೊಸರು ಕೆಟ್ಟ ದಿನ ನಮ್ಮ ಮನೆಗಳ ಹೆಂಗಸರು ಬಟ್ಟಲು ಹಿಡಿದು ನೆರೆಮನೆಗೆ ಹೆಪ್ಪು ಕೇಳಲು ಹೋಗುತ್ತಿದ್ದ ಹಾಗೆಯೇ. ಹೆಪ್ಪಿಗೆ ಬೆಲೆ ಕಟ್ಟುವುದು ಯಾರ ಮನಸ್ಸಿಗೂ ಹೊಳೆದಿರಲಿಲ್ಲ.

ಬೆಲೆ ಕಟ್ಟುವ ಹಾದಿ ತೆರೆದದ್ದು ವಿಜ್ಞಾನದ ಜೊತೆಜೊತೆಗೇ. ರೋಗಾಣುಗಳಿಲ್ಲದ ಯೀಸ್ಟ್‌ಗೆ ಲೂಯಿ ಪಾಶ್ಚರ್ 1873ರಲ್ಲಿಯೇ ಅಮೆರಿಕದ ಪೇಟೆಂಟ್ ಪಡೆದರು. ಹತ್ತು ವರ್ಷಗಳ ಬಳಿಕ, 1883ರಲ್ಲಿ, ಕೋಪನ್‌ಹೇಗನ್‌ನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಎಮಿಲ್ ಕ್ರಿಶ್ಚಿಯನ್ ಹ್ಯಾನ್ಸನ್ ಒಂದೇ ಕೋಶದಿಂದ ಒಂದು ಶುದ್ಧ ತಳಿಯನ್ನು ಬೆಳೆಸಿ ತೋರಿಸಿದರು. ಪ್ರತಿಸಲವೂ ಒಂದೇ ರುಚಿಯ ಬಿಯರ್ ಸಾಧ್ಯವಾದದ್ದು ಆ ಪ್ರಯೋಗದಿಂದ. ಕಾರ್ಲ್ಸ್‌ಬರ್ಗ್ ಅದನ್ನು ಬಚ್ಚಿಡಲಿಲ್ಲ. ಕೇಳಿದ ಇತರ ತಯಾರಕರಿಗೂ ಹಂಚಿತು. ಪಾಶ್ಚರರ ಪೇಟೆಂಟ್, ಕಾರ್ಲ್ಸ್‌ಬರ್ಗ್‌ನ ಉಡುಗೊರೆ: ಈ ಎರಡು ಮಾದರಿಗಳ ನಡುವಿನ ಜಗ್ಗಾಟ ಇಂದಿಗೂ ಮುಗಿದಿಲ್ಲ.

ಮನೆಯಲ್ಲಿ ಬಿಯರ್ ತಯಾರಿಸುವುದಕ್ಕೆ ಬ್ರಿಟನ್ 1963ರಲ್ಲಿ ಪರವಾನಗಿಯ ನಿರ್ಬಂಧ ತೆಗೆದುಹಾಕಿತು. ಅಮೆರಿಕದಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ 1978ರ ಅಕ್ಟೋಬರಿನಲ್ಲಿ ಸಹಿ ಹಾಕಿದ ಶಾಸನ ಅದನ್ನು ಒಕ್ಕೂಟದ ತೆರಿಗೆಯಿಂದ ಮುಕ್ತಗೊಳಿಸಿತು. ಇಬ್ಬರು ವಯಸ್ಕರಿರುವ ಮನೆಗೆ ವರ್ಷಕ್ಕೆ 200 ಗ್ಯಾಲನ್ ಮಿತಿ. ಅಲಬಾಮಾ ಮತ್ತು ಮಿಸಿಸಿಪ್ಪಿ ರಾಜ್ಯಗಳು ಒಪ್ಪಿಗೆ ಕೊಡಲು 2013ರವರೆಗೆ ಕಾದವೆಂಬುದು ಬೇರೆ ಮಾತು. ಕಾನೂನು ಸಡಿಲವಾದರೂ ಆರಂಭದ ಹವ್ಯಾಸಿಗಳಿಗೆ ಸಿಗುತ್ತಿದ್ದದ್ದು ಮಾಲ್ಟ್ ಡಬ್ಬಿಯ ಮುಚ್ಚಳದಡಿ ಅಂಟಿಸಿದ, ಊರು ಪೇರಿಲ್ಲದ ಒಣ ಯೀಸ್ಟ್. ಆ ಕೊರತೆಯನ್ನು ತುಂಬಿದ್ದು ಎರಡು ಸಂಸ್ಥೆಗಳು: 1986ರಲ್ಲಿ ಆರೆಗನ್‌ನಲ್ಲಿ ಹುಟ್ಟಿದ ವೈಯೀಸ್ಟ್ ಮತ್ತು 1995ರಲ್ಲಿ ಸ್ಯಾನ್ ಡಿಯಾಗೊದಲ್ಲಿ ಹುಟ್ಟಿದ ವೈಟ್ ಲ್ಯಾಬ್ಸ್. ದೊಡ್ಡ ಕಾರ್ಖಾನೆಗಳಿಗಷ್ಟೇ ದಕ್ಕುತ್ತಿದ್ದ ತಳಿಗಳು ಅಡುಗೆಮನೆಗೆ ಬಂದದ್ದು ಇಂಥವರಿಂದ. ಕಂಪನಿಗಳನ್ನು ಬೈಯುವ ಮುನ್ನ ಈ ಋಣವನ್ನು ಒಪ್ಪಿಕೊಳ್ಳಬೇಕು.

ಆಯ್ಕೆ ಎಂಬುದು ಅಲ್ಲಿ ಹೇಗೆ ನಡೆಯುತ್ತದೆ? ಪೋರ್ಟ್‌ಲೆಂಡ್‌ನಲ್ಲಿರುವ ನನ್ನ ಸೋದರಳಿಯನ ಮನೆಯ ಫ್ರಿಜ್‌ನಲ್ಲಿ ಮೊಸರಿನ ಪಾತ್ರೆಯ ಪಕ್ಕದಲ್ಲೇ ಯೀಸ್ಟ್ ಪೊಟ್ಟಣಗಳಿದ್ದವು. ಅವನು ಮೊದಲು ನೋಡುತ್ತಿದ್ದದ್ದು ಹೆಸರನ್ನಲ್ಲ, ತಯಾರಿಕೆಯ ದಿನಾಂಕವನ್ನು. ತಿಂಗಳಿಗೆ ಸುಮಾರು ಐದನೆಯ ಒಂದು ಭಾಗದಷ್ಟು ಕೋಶಗಳು ಸಾಯುತ್ತವೆಂಬುದು ಹವ್ಯಾಸಿಗಳ ರೂಢಿಯ ಲೆಕ್ಕ. ಒಂದು ಪೊಟ್ಟಣದಲ್ಲಿ ಹೊಸದಾಗಿದ್ದಾಗ ಸುಮಾರು 10 ಸಾವಿರ ಕೋಟಿ ಕೋಶಗಳಿರುತ್ತವೆ. ಕೇಳಲು ಅಪಾರ. ಆದರೆ ಪ್ರತಿ ಮಿಲಿಲೀಟರಿಗೆ, ಸಕ್ಕರೆಯ ಪ್ರತಿ ಡಿಗ್ರಿಗೆ ಏಳೂವರೆ ಲಕ್ಷ ಕೋಶಗಳು ಬೇಕೆಂಬ ಸೂತ್ರ ಹಿಡಿದರೆ, 12 ಡಿಗ್ರಿಯ 19 ಲೀಟರ್ ರಸಕ್ಕೆ 17 ಸಾವಿರ ಕೋಟಿ ಬೇಕು! ಆದ್ದರಿಂದ ಜಾಣರು ಒಂದೆರಡು ದಿನ ಮೊದಲೇ ಒಂದು ಲೀಟರ್ ನೀರಿಗೆ 100 ಗ್ರಾಂ ಮಾಲ್ಟ್ ಪುಡಿ ಹಾಕಿ ಕುದಿಸಿ, ಆರಿಸಿ, ಅದರಲ್ಲಿ ಯೀಸ್ಟನ್ನು ಬೆಳೆಸಿಕೊಳ್ಳುತ್ತಾರೆ. ಮುಂದಿನದು ಗುಣದ ವಿಚಾರ. ಸಕ್ಕರೆಯಲ್ಲಿ ಎಷ್ಟು ಪಾಲನ್ನು ತಿನ್ನುತ್ತದೆ, ಕೆಲಸ ಮುಗಿದ ಮೇಲೆ ತಳಕ್ಕಿಳಿಯುತ್ತದೆಯೋ ತೇಲುತ್ತಲೇ ಇರುತ್ತದೆಯೋ, ಎಷ್ಟು ಶಾಖದಲ್ಲಿ ಹದವಾಗಿ ಹುದುಗುತ್ತದೆ. ಶಾಖವನ್ನು ಕಡೆಗಣಿಸಿ ತಳಿಯ ಹೆಸರಿಗೆ ಮಾರುಹೋಗುವವರೇ ಹೆಚ್ಚೆಂದು ಅವನ ದೂರು. ಮ್ಯೂನಿಕ್ ಬಳಿಯ ವೈಹೆನ್‌ಸ್ಟೆಫಾನ್‌ನ ಗೋಧಿ ಬಿಯರಿನ ತಳಿ ಬಾಳೆಹಣ್ಣು ಮತ್ತು ಲವಂಗದ ಪರಿಮಳ ಕೊಡುತ್ತದೆ. ಶಾಖ ಏರಿಳಿದಂತೆ ಅವೆರಡರ ಪ್ರಮಾಣವೂ ಬದಲಾಗುತ್ತದೆ.

ಈ ಲವಂಗದ ವಾಸನೆಯ ಹಿಂದೆ ಒಂದು ಚರಿತ್ರೆಯೇ ಇದೆ. ಬೆಲ್ಜಿಯಂನ ಕೆವಿನ್ ವರ್‌ಸ್ಟ್ರೆಪೆನ್ ಅವರ ತಂಡ ವೈಟ್ ಲ್ಯಾಬ್ಸ್ ಜೊತೆ ಸೇರಿ 157 ಯೀಸ್ಟ್ ತಳಿಗಳ ಪೂರ್ಣ ವಂಶವಾಹಿಯನ್ನು ಓದಿ 2016ರಲ್ಲಿ ‘ಸೆಲ್’ ನಿಯತಕಾಲಿಕದಲ್ಲಿ ಪ್ರಕಟಿಸಿತು. ಕಾಡು ಯೀಸ್ಟ್‌ಗೆ ಲವಂಗದ ವಾಸನೆ ಸಹಜ. ಬಿಯರ್ ತಳಿಗಳಲ್ಲಿ ಹೆಚ್ಚಿನವು ಆ ಗುಣವನ್ನು ಕಳೆದುಕೊಂಡಿವೆ. ಅದು ಬೇಕೆನಿಸಿದ ಗೋಧಿ ಬಿಯರಿನಂಥವುಗಳ ತಳಿಗಳಲ್ಲಿ ಉಳಿದಿದೆ. ಅನೇಕ ತಳಿಗಳು ಲೈಂಗಿಕ ಸಂತಾನೋತ್ಪತ್ತಿಯ ಸಾಮರ್ಥ್ಯವನ್ನೂ ಬಹುಪಾಲು ಕಳೆದುಕೊಂಡಿವೆ. ಜೀವಿಯೊಂದಿದೆಯೆಂದೇ ಅರಿಯದ ಜನ ಶತಮಾನಗಳ ಕಾಲ ರುಚಿ ನೋಡಿ ಒಳ್ಳೆಯ ಗಸಿಯನ್ನು ಉಳಿಸಿ, ಕೆಟ್ಟದ್ದನ್ನು ಚೆಲ್ಲಿ, ಅದನ್ನು ಪಳಗಿಸಿದರು. ನಮ್ಮ ರೈತರು ಭತ್ತವನ್ನೂ ರಾಗಿಯನ್ನೂ ಪಳಗಿಸಿದ ಕ್ರಮ ಇದೇ ಅಲ್ಲವೆ? ಪೊಟ್ಟಣದ ಮೇಲಿನ ಸಂಖ್ಯೆ ಕಂಪನಿಯದು. ಒಳಗಿರುವುದು ಹೆಸರಿಲ್ಲದ ಅನೇಕ ತಲೆಮಾರುಗಳ ದುಡಿಮೆ.

ಇಂಥ ವೈವಿಧ್ಯವನ್ನು ಮನೆಯವರೆಗೆ ಮುಖ್ಯವಾಗಿ ತಲುಪಿಸುತ್ತಿರುವುದು ದ್ರವ ಯೀಸ್ಟೇ. ಒಣ ಯೀಸ್ಟ್ ಅಗ್ಗ, ವರ್ಷಗಟ್ಟಲೆ ಬಾಳುತ್ತದೆ, ಸಾಗಣೆಗೆ ಮಂಜುಗಡ್ಡೆ ಬೇಡ. ಗುಣದಲ್ಲೂ ಮೊದಲಿನಂತೆ ಕಳಪೆಯಲ್ಲ. ಜಗತ್ತಿನಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ ಲಾಗರ್ ತಳಿಗಳಲ್ಲೊಂದಾದ 34/70 ಈಗ ಒಣ ರೂಪದಲ್ಲೇ ಸಿಗುತ್ತದೆ. ಆದರೆ ಎಲ್ಲ ತಳಿಗಳೂ ಒಣಗಿಸುವಿಕೆಯನ್ನು ತಾಳಿಕೊಳ್ಳುವುದಿಲ್ಲ, ದೊಡ್ಡ ಪ್ರಮಾಣದಲ್ಲಿ ಮಾರಾಟವಾಗದ್ದನ್ನು ಒಣಗಿಸಿದರೆ ಕಂಪನಿಗೆ ಗಿಟ್ಟುವುದೂ ಇಲ್ಲ. ಹೀಗಾಗಿ ಒಣ ಯೀಸ್ಟ್‌ನ ಪಟ್ಟಿ ಚಿಕ್ಕದು. ಅಂಗಡಿಯ ಫ್ರಿಜ್ ಹೋದರೆ ಹವ್ಯಾಸಿ ಆ ಪಟ್ಟಿಯತ್ತ ಹೊರಳುವುದು ಸಹಜ. ಹೈಬ್ರಿಡ್ ಬೀಜ ಬಂದಮೇಲೆ ನಾಟಿ ತಳಿಗಳನ್ನು ಯಾರೂ ನಿಷೇಧಿಸಲಿಲ್ಲ. ಬಿತ್ತುವವರು ಕಡಿಮೆಯಾದರು, ಅಷ್ಟೆ.

ಜಗ್ಗಾಟದ ಇನ್ನೊಂದು ಮುಖ ನಾರ್ವೆಯಲ್ಲಿ ಕಂಡಿದೆ. ಅಲ್ಲಿನ ಪಶ್ಚಿಮ ಭಾಗದ ಹಳ್ಳಿಗಳ ರೈತಾಪಿ ಮನೆಗಳು ಕ್ವೈಕ್ ಎಂಬ ಯೀಸ್ಟನ್ನು ತಲೆಮಾರುಗಳಿಂದ ಒಣಗಿಸಿಟ್ಟು, ನೆರೆಯವರೊಡನೆ ಹಂಚಿಕೊಂಡು ಉಳಿಸಿದ್ದವು. 40 ಡಿಗ್ರಿ ಸೆಲ್ಸಿಯಸ್ ಶಾಖದಲ್ಲೂ ಅದು ಕೆಡದೆ ಹುದುಗುತ್ತದೆ. ಸಾಧಾರಣ ಏಲ್ ಯೀಸ್ಟ್ 20ರ ಆಸುಪಾಸಿನಲ್ಲಿರಬೇಕು. ಲಾರ್ಸ್ ಮಾರಿಯಸ್ ಗಾರ್ಶೋಲ್ ಎಂಬ ಬರಹಗಾರರು ಹಳ್ಳಿ ಸುತ್ತಿ ಇದನ್ನು ದಾಖಲಿಸಿದ ಮೇಲೆ, ವಾಸ್ ಊರಿನ ಹೆಸರು ಹೊತ್ತ ಪೊಟ್ಟಣಗಳನ್ನು ಹಲವು ಕಂಪನಿಗಳು ಮಾರುತ್ತಿವೆ. ಊರಿಗೆ ಪಾಲು ಸಲ್ಲಬೇಕೆ? ತಳಿಸಂಪತ್ತಿನ ಲಾಭ ಹಂಚಿಕೆಯ ನಗೋಯಾ ಒಡಂಬಡಿಕೆ 2014ರಿಂದ ಜಾರಿಯಲ್ಲಿದೆ, ನಾರ್ವೆ ಅದರ ಸದಸ್ಯ. ಅಮೆರಿಕ ಮಾತ್ರ ಅದರ ತಾಯಿಬೇರಾದ ಜೀವವೈವಿಧ್ಯ ಒಪ್ಪಂದವನ್ನೇ ಇನ್ನೂ ಅನುಮೋದಿಸಿಲ್ಲ. ಹಂಚಿಕೊಂಡು ಬದುಕಿದ್ದ ವಸ್ತುವನ್ನು ಕಂಪನಿಯೂ ಹಂಚಿದೆಯಲ್ಲ, ತಪ್ಪೇನು ಎಂದು ಕೇಳುವವರಿದ್ದಾರೆ. ಆ ಮಾತಿನಲ್ಲಿ ಹುರುಳಿದೆ. ಬೇರೆಯವರ ದಾರಿಗೆ ಬೇಲಿ ಹಾಕದಿರುವವರೆಗೆ.

ಬೇಲಿಯ ಗೂಟಗಳು ಆಗಲೇ ನೆಟ್ಟಾಗಿವೆ. ಬಂಗಾಳದಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ವಿಜ್ಞಾನಿ ಆನಂದಮೋಹನ ಚಕ್ರವರ್ತಿಯವರ ಪ್ರಕರಣದಲ್ಲಿ, ಮನುಷ್ಯ ರೂಪಿಸಿದ ಸೂಕ್ಷ್ಮಜೀವಿಗೆ ಪೇಟೆಂಟ್ ಸಲ್ಲುತ್ತದೆಂದು ಅಲ್ಲಿನ ಸುಪ್ರೀಂ ಕೋರ್ಟ್ 1980ರಲ್ಲಿ ತೀರ್ಪಿತ್ತಿತು. ನಮ್ಮ ಪೇಟೆಂಟ್ ಕಾಯ್ದೆಯೂ 2002ರ ತಿದ್ದುಪಡಿಯಲ್ಲಿ ಗಿಡ, ಪ್ರಾಣಿ, ಬೀಜಗಳನ್ನು ಹೊರಗಿಟ್ಟು ಸೂಕ್ಷ್ಮಜೀವಿಗೆ ಬಾಗಿಲು ತೆರೆಯಿತು. ಚಿಕಾಗೊದ ಒಮೆಗಾ ಯೀಸ್ಟ್ ಎಂಬ ಸಂಸ್ಥೆ 2021ರಲ್ಲಿ ಸೀಬೆಹಣ್ಣಿನಂಥ ಪರಿಮಳ ಹೊಮ್ಮಿಸಲು ವಂಶವಾಹಿ ತಿದ್ದಿದ ತಳಿಯೊಂದನ್ನು ಮಾರುಕಟ್ಟೆಗೆ ತಂದಿತು. ಹವ್ಯಾಸಿಗಳಿಗೂ ಅದು ಸಿಗುತ್ತದೆ. ಕುಲಾಂತರಿ ಆಹಾರಕ್ಕೆ ಗುರುತು ಹಾಕಬೇಕೆಂಬ ಅಮೆರಿಕದ ನಿಯಮ 2022ರಿಂದ ಕಡ್ಡಾಯವಾದರೂ ಮಾಲ್ಟ್ ಬಿಯರ್ ಅದರ ವ್ಯಾಪ್ತಿಗೆ ಬರುವುದಿಲ್ಲ. ಕುಲಾಂತರಿ ಎಂದೊಡನೆ ಗುಲ್ಲೆಬ್ಬಿಸುವವನು ನಾನಲ್ಲ. ನನ್ನ ತಕರಾರು ಲೋಟದಲ್ಲಿರುವುದರ ಬಗೆಗಲ್ಲ, ಲೋಟದ ತಳದಲ್ಲಿ ಉಳಿಯುವುದರ ಬಗ್ಗೆ.

ಮನೆ ಬಿಯರಿಗನಿಗೆ ಇಂದಿಗೂ ಉಳಿದಿರುವ ದೊಡ್ಡ ಸ್ವಾತಂತ್ರ್ಯವೆಂದರೆ ಆ ತಳದ ಗಸಿಯನ್ನು ಜಾಡಿಗೆ ತುಂಬಿಟ್ಟು ಮತ್ತೆ ಬಳಸುವುದು. ಶುಚಿಯಾಗಿಟ್ಟರೆ ಒಂದು ಪೊಟ್ಟಣ ಹಲವು ತಲೆಮಾರು ನಡೆಯುತ್ತದೆ. ಪೇಟೆಂಟ್ ಪಡೆದ ಸೋಯಾ ಬೀಜವನ್ನು ಬಿತ್ತಿ, ಬೆಳೆದು, ಮತ್ತೆ ಬಿತ್ತುವಂತಿಲ್ಲವೆಂದು 2013ರಲ್ಲಿ ಬೋಮನ್ ಎಂಬ ರೈತನ ವಿರುದ್ಧ ಮೊನ್ಸಾಂಟೊ ಪರ ತೀರ್ಪು ಬಂದಾಗ, ತಾನಾಗಿ ಮರುಹುಟ್ಟುವ ಎಲ್ಲ ವಸ್ತುಗಳಿಗೂ ಇದು ಅನ್ವಯವಲ್ಲವೆಂದು ನ್ಯಾಯಾಲಯ ಹೇಳಿತ್ತು. ಯೀಸ್ಟ್ ಆ ತೆರೆದ ಜಾಗದಲ್ಲಿದೆ. ಭಾರತದ ರೈತನಿಗೆ 2001ರ ಕಾಯ್ದೆ ಬೀಜ ಉಳಿಸುವ, ಕೊಡುವ, ಬ್ರ್ಯಾಂಡ್ ಇಲ್ಲದೆ ಮಾರುವ ಹಕ್ಕು ಕೊಟ್ಟಿದೆ. ಹೆಪ್ಪು ಉಳಿಸಿಕೊಳ್ಳುವವರಿಗೆ ಅಂಥ ಬರಹದ ಹಕ್ಕು ಇಲ್ಲ.

ಸಾರ್ವಜನಿಕ ಸಂಗ್ರಹಗಳು ಇದಕ್ಕಾಗಿಯೇ ಮುಖ್ಯ. ಇಂಗ್ಲೆಂಡಿನ ಕಾಕರ್‌ಮೌತ್‌ನಲ್ಲಿ 2009ರ ನೆರೆ ಜೆನ್ನಿಂಗ್ಸ್ ಬಿಯರ್ ಘಟಕಕ್ಕೆ ನುಗ್ಗಿದಾಗ ಅದರ ಸ್ವಂತ ಯೀಸ್ಟ್ ಮರಳಿ ಸಿಕ್ಕಿದ್ದು ನಾರ್ವಿಚ್‌ನ ರಾಷ್ಟ್ರೀಯ ಯೀಸ್ಟ್ ಸಂಗ್ರಹದಿಂದ. ನಮ್ಮಲ್ಲೂ ಚಂಡೀಗಢದಲ್ಲಿ 1986ರಿಂದ ಸೂಕ್ಷ್ಮಜೀವಿ ಸಂಗ್ರಹವಿದೆ. ಅಸ್ಸಾಮಿನ ದಿಮಾಸಾ ಜನರ ಅಕ್ಕಿಯ ಪಾನೀಯ ಜುಡಿಮಾಕ್ಕೆ 2021ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಆದರೆ ಅದು ರಕ್ಷಿಸುವುದು ಹೆಸರನ್ನು, ಹಿಟ್ಟಿನ ಬಿಲ್ಲೆಯೊಳಗಿನ ಜೀವಿಗಳನ್ನಲ್ಲ. 2002ರ ಜೀವವೈವಿಧ್ಯ ಕಾಯ್ದೆಯಡಿ ಊರೂರಲ್ಲಿ ಬರೆಸುವ ಜನತಾ ಜೀವವೈವಿಧ್ಯ ದಾಖಲೆಗಳಲ್ಲಿ ಇಂಥ ಹೆಪ್ಪುಗಳಿಗೂ ಒಂದು ಪುಟ ಬೇಕು, ಒಪ್ಪುವ ಊರುಗಳ ಮಾದರಿಗಳು ಊರಿನ ಹೆಸರಿನಲ್ಲೇ ಚಂಡೀಗಢದಲ್ಲಿರಬೇಕು.

ಹಾಗಾದರೆ ಫ್ರಿಜ್‌ನ ಮುಂದೆ ನಿಂತ ಆ ಹವ್ಯಾಸಿ ಯಾವುದನ್ನು ಎತ್ತಿಕೊಳ್ಳಲಿ? ನನ್ನನ್ನು ಕೇಳಿದರೆ, ತನ್ನ ಮನೆಯ ಶಾಖಕ್ಕೆ ಹೊಂದುವ, ಪೇಟೆಂಟಿನ ಹಂಗಿಲ್ಲದ, ಮೂಲ ಇಂಥದ್ದೆಂದು ಮಾರುವವರು ಬಾಯಿಬಿಟ್ಟು ಹೇಳುವ ಹಳೆಯ ತಳಿಯನ್ನು; ಸಾಧ್ಯವಾದರೆ ಕಡಿಮೆ ಜನ ಕೊಳ್ಳುವಂಥದ್ದನ್ನು. ತಳದ ಗಸಿಯನ್ನು ಎರಡು ಜಾಡಿಗೆ ಹಂಚಿ ಒಂದನ್ನು ಬೇಕೆಂದವರಿಗೆ ಕೊಡಲಿ. ಮುಚ್ಚಳವನ್ನು ಮಾತ್ರ ಬಿಗಿಯಾಗಿ ತಿರುಗಿಸಬಾರದು. ಫ್ರಿಜ್‌ನಲ್ಲಿದ್ದರೂ ಯೀಸ್ಟ್ ಅನಿಲ ಬಿಡುತ್ತದೆ, ಜಾಡಿ ಒಡೆದೀತು.