ಎರಡು ಮಾರು ನೀರು

ಈ ಸಲ ಹಾಸ್ಯ ಸಂಚಿಕೆ ತರುತ್ತಿದ್ದೇವೆ ಎಂದಾಗ ಮೈಸೂರಿನ ಗೆಳೆಯರೊಬ್ಬರು, ‘ರಾಮಾಪುರದಿಂದ ಹಾಸ್ಯವೇ?’ ಎಂದು ಕೇಳಿದರು. ಅವರ ಅಚ್ಚರಿಗೆ ಕಾರಣ ಗೊತ್ತು. ನಮ್ಮೂರಿನ ಹೆಸರು ದೂರದವರ ಕಿವಿಗೆ ಬಿದ್ದದ್ದು 1992ರ ಮೇ ತಿಂಗಳಲ್ಲಿ, ವೀರಪ್ಪನ್ ತಂಡ ಇಲ್ಲಿನ ಪೊಲೀಸ್ ಠಾಣೆಯ ಮೇಲೆ ಬಿದ್ದು ಪೊಲೀಸರನ್ನು ಕೊಂದಾಗ. ಆಮೇಲೆ ಎಷ್ಟೋ ವರ್ಷ ‘ಯಾವೂರು?’ ಎಂದವರಿಗೆ ‘ರಾಮಾಪುರ’ ಎಂದರೆ ಮುಂದಿನ ಪ್ರಶ್ನೆ ಅದೇ ಆಗಿರುತ್ತಿತ್ತು. ಆದರೆ ನನ್ನ ನೆನಪು ಅದಕ್ಕೂ ಹದಿನಾಲ್ಕು ವರ್ಷ ಹಿಂದಕ್ಕೆ, ಬಸ್ಸು ನಿಲ್ಲುವ ಜಾಗದ ಪಕ್ಕದಲ್ಲಿದ್ದ ಒಂದು ಕಟಿಂಗ್ ಶಾಪಿಗೆ ಹೋಗುತ್ತದೆ.

ಆಗ ನನಗೆ ಹತ್ತು ವರ್ಷ. ‘ಸುಧಾ’ ವಾರಪತ್ರಿಕೆ ಕೊಳ್ಳೇಗಾಲದ ಬಸ್ಸಿನಲ್ಲಿ ಎರಡು ದಿನ ತಡವಾಗಿ ಬರುತ್ತಿತ್ತು. ಅಂಗಡಿಯಣ್ಣನಿಗೆ ಓದು ಬಾರದು, ಆದರೂ ಪತ್ರಿಕೆ ತರಿಸುವುದನ್ನು ಬಿಟ್ಟವರಲ್ಲ. ಕೂದಲು ಕತ್ತರಿಸುತ್ತಲೇ ‘ಓದ್ಲಾ ಮಗ, ಬೀಚಿದು ಓದು’ ಎನ್ನುತ್ತಿದ್ದರು. ನಾನು ‘ನೀವು ಕೇಳಿದಿರಿ?’ ಅಂಕಣ ತೆಗೆದು, ಓದುಗರ ಪ್ರಶ್ನೆಯನ್ನು ಒಂದು ದನಿಯಲ್ಲಿ, ಹಾಸ್ಯ ಲೇಖಕ ಬೀಚಿಯವರ ಉತ್ತರವನ್ನು ಇನ್ನೊಂದು ದನಿಯಲ್ಲಿ ಓದುತ್ತಿದ್ದೆ. ಬೆಂಚಿನ ಮೇಲೆ ಕನ್ನಡದವರೂ ಇರುತ್ತಿದ್ದರು, ಮಾರ್ಟಳ್ಳಿ ಕಡೆಯಿಂದ ಬಂದ ತಮಿಳು ಮನೆಮಾತಿನವರೂ ಇರುತ್ತಿದ್ದರು. ಹಾಗಾಗಿ ಆ ಅಂಗಡಿಯಲ್ಲಿ ನಗು ಎರಡು ಸಲ ಏಳುತ್ತಿತ್ತು. ನಾನು ಓದಿದ ಕೂಡಲೇ ಒಂದು, ಅಂಗಡಿಯಣ್ಣ ಅದನ್ನು ತಮಿಳಿನಲ್ಲಿ ಹೇಳಿದ ಮೇಲೆ ಇನ್ನೊಂದು. ಎರಡನೆಯ ಸರದಿಯಲ್ಲಿ ನಗುತ್ತಿದ್ದ ತಾತ ಒಬ್ಬರಿದ್ದರು, ಸಂತೆಗೆ ಹುಣಸೆಹಣ್ಣು ತರುವವರು. ಒಂದು ದಿನ ಅವರು ಕನ್ನಡದವರ ಜೊತೆಗೇ ನಕ್ಕುಬಿಟ್ಟರು. ಅಂಗಡಿಯಣ್ಣ ಕತ್ತರಿ ಕೆಳಗಿಟ್ಟು ಅವರ ಮುಖ ನೋಡಿದರು. ನಾವು ಆ ಉತ್ತರವನ್ನು ಮತ್ತೊಮ್ಮೆ ಓದಿದೆವು. ತಾತ ಮತ್ತೊಮ್ಮೆ ನಕ್ಕರು.

ಬೀಚಿಯವರ ಬದುಕಿನ ಕಥೆ ಗೊತ್ತಾದದ್ದು ದೊಡ್ಡವನಾದ ಮೇಲೆ. ಬೀಚಿ ಎಂಬ ಹೆಸರಿನಲ್ಲಿ ಬರೆದ ರಾಯಸಂ ಭೀಮಸೇನರಾಯರು 1913ರಲ್ಲಿ ಹರಪನಹಳ್ಳಿಯಲ್ಲಿ ಹುಟ್ಟಿದರು. ಹರಪನಹಳ್ಳಿ ಆಗ ಮದರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆಗೆ ಸೇರಿತ್ತು. ನಮ್ಮ ಕೊಳ್ಳೇಗಾಲ ಸೀಮೆ ಅದೇ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ. ಅವರ ಊರು ಮೈಸೂರಿಗೆ ಸೇರಿದ್ದು 1953ರಲ್ಲಿ, ನಮ್ಮದು 1956ರಲ್ಲಿ. ಕನ್ನಡ ಮಾತಾಡುತ್ತಲೇ ಕಚೇರಿಯಲ್ಲಿ ಬೇರೆ ಭಾಷೆಗೆ ಕೈಕಟ್ಟಿ ನಿಲ್ಲಬೇಕಾಗಿದ್ದ ನೆಲದಿಂದ ಬಂದವರು ಅವರು. ಇದು ನಮ್ಮ ಅಜ್ಜಂದಿರ ಕಥೆಯೂ ಹೌದು. ಪೊಲೀಸ್ ಇಲಾಖೆಯಲ್ಲಿ ನೌಕರಿಗೆ ಸೇರಿದ ತರುಣ ಭೀಮಸೇನರಾಯರಿಗೆ ಕನ್ನಡ ಪುಸ್ತಕವೆಂದರೆ ತಾತ್ಸಾರವಿತ್ತು. ಅಂಥವರ ಕೈಗೆ ಅ.ನ.ಕೃ. ಅವರ ‘ಸಂಧ್ಯಾರಾಗ’ ಸಿಕ್ಕಿತು. ಅದನ್ನು ಓದಿ ಕನ್ನಡದ ಕಡೆಗೆ ಹೊರಳಿದರು, ಮತ್ತೆ ತಿರುಗಿ ನೋಡಲಿಲ್ಲ.

ಒಂದು ಕಾದಂಬರಿ ಒಬ್ಬ ಮನುಷ್ಯನನ್ನು ಅವನ ಮಾತಿಗೇ ಮರಳಿಸಿತು ಎಂಬ ಈ ಸಂಗತಿ ನನ್ನನ್ನು ಈಗಲೂ ಅಲುಗಿಸುತ್ತದೆ. ಹುಟ್ಟಿನಿಂದ ಬಂದದ್ದನ್ನು ನಾವು ಹಿಡಿದು ನೋಡುವುದು ಕಡಿಮೆ. ಬೀಚಿ ತಡವಾಗಿ ಬಂದರು, ಬೇಕೆಂದೇ ಬಂದರು. ಅದಕ್ಕೇ ಇರಬೇಕು, ಇನ್ನೂ ಕನ್ನಡ ಪುಸ್ತಕದ ಹತ್ತಿರ ಸುಳಿಯದವನನ್ನು ಅವರು ಯಾವತ್ತೂ ಮರೆಯಲಿಲ್ಲ. ಅವರು ಸೃಷ್ಟಿಸಿದ ತಿಂಮನ ಮಾತು ಅರ್ಥವಾಗಲು ಪಂಡಿತನಾಗಬೇಕಿಲ್ಲ. ‘ಸರಸ್ವತಿ ಸಂಹಾರ’, ‘ಸತೀ ಸೂಳೆ’, ‘ಖಾದಿ ಸೀರೆ’ ಮುಂತಾಗಿ ಹೆಸರಿಟ್ಟಾಗಲೇ ಓದುಗನ ಕೈ ಪುಸ್ತಕಕ್ಕೆ ಹೋಗುತ್ತದೆ. ಆತ್ಮಕಥೆಗೆ ‘ನನ್ನ ಭಯಾಗ್ರಫಿ’ ಎಂದರು. ತಮ್ಮ ಹೆಸರನ್ನೂ ಅರ್ಧ ಕನ್ನಡ ಅಕ್ಷರದಲ್ಲಿ, ಅರ್ಧ ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡರು. ಆ ಕಾಲದ ಓದಿದ ಕನ್ನಡಿಗನ ಮನಸ್ಸು ಹೇಗೆ ಎರಡಾಗಿತ್ತು ಎಂಬುದು ಆ ಎರಡಕ್ಷರದಲ್ಲೇ ಕಾಣುತ್ತದೆ.

ಕನ್ನಡದ ನಗೆಗೆ ಇನ್ನೂ ದೊಡ್ಡ ಮನೆತನವಿದೆ. ವೈದ್ಯರಾಗಿದ್ದ ರಾಶಿ, ಎಂದರೆ ಡಾ. ಎಂ. ಶಿವರಾಂ, 1942ರಲ್ಲಿ ‘ಕೊರವಂಜಿ’ ಹಾಸ್ಯ ಪತ್ರಿಕೆಯನ್ನು ಹುಟ್ಟುಹಾಕಿ ಇಪ್ಪತ್ತೈದು ವರ್ಷ ನಡೆಸಿದರು. ನಾ. ಕಸ್ತೂರಿ, ಟಿ. ಸುನಂದಮ್ಮ ಅದರಲ್ಲಿ ಬರೆದರು. ಮುಂದೆ ದೇಶವೆಲ್ಲ ಹೆಸರಾದ ಆರ್.ಕೆ. ಲಕ್ಷ್ಮಣ್ ಅದಕ್ಕೆ ಚಿತ್ರ ಬರೆದವರು. ಅವರೆಲ್ಲರ ಬಗ್ಗೆ ಒಳಪುಟಗಳಲ್ಲಿ ಬರೆಹಗಳಿವೆ.

ನನ್ನ ತಕರಾರು ಬೇರೆ. ಬೀಚಿಯವರನ್ನು ಓದಿದವರು ಲಕ್ಷ ಮಂದಿ, ಆದರೆ ನಮ್ಮ ವಿಮರ್ಶೆ ಅವರನ್ನು ಹೊಸ್ತಿಲಾಚೆಯೇ ನಿಲ್ಲಿಸಿತು. ‘ಆಳ ಇಲ್ಲ’ ಎಂದಿತು. ಅಮೆರಿಕದವರು ತಮ್ಮ ಮಾರ್ಕ್ ಟ್ವೈನನಿಗೆ ಹೀಗೆ ಮಾಡಲಿಲ್ಲ. ಅವನು ಹನ್ನೊಂದನೆಯ ವಯಸ್ಸಿಗೆ ತಂದೆಯನ್ನು ಕಳೆದುಕೊಂಡವನು, ಅಚ್ಚುಮೊಳೆ ಜೋಡಿಸಿದವನು, ಪತ್ರಿಕೆಗೆ ನಗೆಬರಹ ಬರೆದು ಬೆಳೆದವನು. ಬೀದಿಯ ಹುಡುಗನೊಬ್ಬನ ಆಡುಮಾತಿನಲ್ಲಿ ‘ಹಕಲ್‌ಬೆರಿ ಫಿನ್’ ಬರೆದ. ಅದನ್ನೇ ಆ ದೇಶ ತನ್ನ ಗದ್ಯದ ತಲೆಬಾಗಿಲು ಎಂದುಕೊಂಡಿತು. ಅವನ ನಿಜವಾದ ಹೆಸರು ಸ್ಯಾಮ್ಯುಯೆಲ್ ಕ್ಲೆಮೆನ್ಸ್. ಮಿಸಿಸಿಪ್ಪಿ ನದಿಯಲ್ಲಿ ಹಡಗು ನಡೆಸುತ್ತಿದ್ದವನು. ಗುಂಡು ಕಟ್ಟಿದ ಹಗ್ಗ ಇಳಿಬಿಟ್ಟು ನೀರು ಅಳೆಯುವವರು ಕೂಗುತ್ತಿದ್ದ ಮಾತೇ ‘ಮಾರ್ಕ್ ಟ್ವೈನ್’. ನಮ್ಮ ಮಾತಿನಲ್ಲಿ ಹೇಳುವುದಾದರೆ ಎರಡು ಮಾರು. ನಾವು ಬಾವಿಹಗ್ಗ ಅಳೆಯುವುದು, ಹೂವಿನ ದಂಡೆ ಕೊಳ್ಳುವುದು ಅದೇ ಎರಡು ತೋಳಿನಳತೆಯಲ್ಲಿ. ಎರಡು ಮಾರು ನೀರಿದೆ ಎಂದರೆ ಹಡಗು ತಳ ತಾಗದೆ ಸಾಗುತ್ತದೆ ಎಂದರ್ಥ. ಆಳದ ಮಾತೆತ್ತುವವರು ಆ ನೀರು ಎಷ್ಟು ಮಂದಿಯನ್ನು ದಾಟಿಸಿತು ಎಂಬ ಲೆಕ್ಕವನ್ನೂ ಇಡಬೇಕು. ಹುಣಸೆಹಣ್ಣಿನ ತಾತನನ್ನು ಬೀಚಿ ದಾಟಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಬೀಚಿ ತೀರಿಕೊಂಡದ್ದು 1980ರ ಡಿಸೆಂಬರಿನಲ್ಲಿ. ಸುದ್ದಿ ತಿಳಿದ ದಿನ ಅಂಗಡಿಯಣ್ಣ ಹಳೆಯ ‘ಸುಧಾ’ಗಳ ಕಟ್ಟನ್ನು ಅಟ್ಟದಿಂದ ಇಳಿಸಿ ಬೆಂಚಿನ ಮೇಲಿಟ್ಟರು. ಅವತ್ತು ಓದಿದಷ್ಟು ನಾನು ಯಾವತ್ತೂ ಓದಿರಲಿಲ್ಲ. ಈಗ ಹಾಸ್ಯ ಭಾಷಣಕಾರ ಗಂಗಾವತಿ ಪ್ರಾಣೇಶರ ಬಾಯಲ್ಲಿ ತಿಂಮನ ಮಾತು ಮತ್ತೆ ಊರೂರು ಸುತ್ತುತ್ತಿದೆ. ಮಕ್ಕಳು ಮೊಬೈಲಿನಲ್ಲಿ ಕೇಳಿ ನಗುತ್ತಾರೆ. ಕೇಳಿದವರನ್ನು ಪುಸ್ತಕದ ಹತ್ತಿರ ಕರೆತರುವ ಕೆಲಸ ನಮ್ಮಂಥ ಸಣ್ಣ ಪತ್ರಿಕೆಗಳಿಗೆ ಸೇರಿದ್ದು.

ಅದಕ್ಕೆಂದೇ ಈ ಸಂಚಿಕೆಯಲ್ಲಿ ಮಕ್ಕಳ ಪ್ರಶ್ನೋತ್ತರದ ಪುಟ ಶುರುಮಾಡಿದ್ದೇವೆ. ರಾಮಾಪುರ, ಕೌದಳ್ಳಿ, ಅಜ್ಜೀಪುರ, ಮಾರ್ಟಳ್ಳಿಯ ಶಾಲೆಗಳಿಗೆ ಒಂದೊಂದು ರಟ್ಟಿನ ಡಬ್ಬಿ ಕೊಟ್ಟು ಬಂದೆವು. ಹದಿನೈದು ದಿನದಲ್ಲಿ ಡಬ್ಬಿಗಳು ತುಂಬಿದವು. ಮಾರ್ಟಳ್ಳಿಯ ಹುಡುಗಿಯೊಬ್ಬಳು, ‘ನಮ್ಮವ್ವ ನನ್ನ ತಮಿಳಲ್ಲಿ ಬಯ್ದು ಕನ್ನಡದಲ್ಲಿ ಮುದ್ದು ಮಾಡ್ತಾಳೆ, ಯಾಕೆ?’ ಎಂದು ಕೇಳಿದ್ದಾಳೆ. ಕೆಳಗೆ ತನ್ನ ಹೆಸರಿನ ಮೊದಲ ಅಕ್ಷರವನ್ನು ಕನ್ನಡದಲ್ಲೂ ಉಳಿದದ್ದನ್ನು ತಮಿಳಿನಲ್ಲೂ ಬರೆದಿದ್ದಾಳೆ. ಡಿಟಿಪಿ ಮಾಡುವ ಹುಡುಗ ‘ಸಾರ್, ಇದನ್ನ ತಿದ್ದಲಾ?’ ಎಂದ. ಬೇಡ ಎಂದೆ. ಅವಳ ಕೈಬರಹವನ್ನೇ ಸ್ಕ್ಯಾನ್ ಮಾಡಿ ಪುಟ 31ರಲ್ಲಿ ಹಾಕಿದ್ದೇವೆ.