ಲಂಡನ್ ಪತ್ರ – 23: ಡ್ರೈವರನ ನಿದ್ದೆಗೂ ಲೆಕ್ಕ ಇಡಬೇಕು

ಹೋದ ವಾರದ ಪೋಸ್ಟಿನ ಕೆಳಗೆ ಕಾಕಾನ ಮಗ ಒಂದು ಪ್ರಶ್ನೆ ಹಾಕಿದ್ದ: “ಅಕ್ಕಾ, ನಿಮ್ಮಲ್ಲಿ ಲಾರಿ ಡ್ರೈವರ್ ನಡುವ ಗಾಡಿ ನಿಲ್ಲಿಸಿ ಕುಂದರಬೇಕಂತ, ಇಲ್ಲಂದ್ರ ದಂಡ ಅಂತ, ಖರೇನ?” ಅವನು ಬ್ಯಾಡಗಿಯಿಂದ ಮೆಣಸಿನಕಾಯಿ ಲೋಡು ಒಯ್ಯುವವನು. ಅದಕ್ಕೆ ನಾಲ್ಕೈದು ಮಂದಿ ನಕ್ಕಿದ್ದೀರಿ. ಖರೇನ ಐತಿ ತಮ್ಮಾ, ನಗುವ ಮಾತಲ್ಲ. ಸ್ವಲ್ಪ ಉದ್ದ ಬರೀತೀನಿ, ಚಹಾ ಹಿಡ್ಕೊಂಡು ಓದಿ.

ಪೂರ್ವ ಲಂಡನ್ನಿನ ನಮ್ಮ ಬೀದಿಯಲ್ಲಿ ಒಬ್ಬ ಪಂಜಾಬಿ ಅಂಕಲ್ ಇದ್ದಾರೆ. ಟಿಲ್‌ಬರಿ ಬಂದರಿನಿಂದ ಕಂಟೇನರ್ ಸಾಗಿಸುತ್ತಾರೆ. ಅವರು ಹೇಳಿದ್ದು, ನಾನು ನಿಯಮದಲ್ಲಿ ಓದಿದ್ದು ಎರಡೂ ಸೇರಿಸಿ ಹೇಳ್ತೀನಿ.

ಇಲ್ಲಿ 3.5 ಟನ್ ಮೀರಿದ ಗಾಡಿಗೆ ಲೆಕ್ಕ ಹೀಗಿದೆ. ನಾಲ್ಕೂವರೆ ತಾಸು ಓಡಿಸಿದ ಮೇಲೆ 45 ನಿಮಿಷ ವಿರಾಮ. ಬೇಕಾದರೆ ಅದನ್ನು ಮೊದಲು 15, ಆಮೇಲೆ 30 ಅಂತ ಒಡೆದು ತಗೋಬಹುದು. ಆ ಹೊತ್ತಿನಲ್ಲಿ ಲೋಡು ಇಳಿಸಿದರೆ ಅದು ವಿರಾಮ ಅಲ್ಲ, ಕೆಲಸ. ದಿನಕ್ಕೆ 9 ತಾಸು ಓಡಿಸಬಹುದು. ವಾರದಲ್ಲಿ ಎರಡು ದಿನ ಮಾತ್ರ 10. ವಾರಕ್ಕೆ 56 ತಾಸು ಮೀರುವಂತಿಲ್ಲ, ಸತತ ಎರಡು ವಾರ ಸೇರಿಸಿದರೆ 90. ದಿನಕ್ಕೆ 11 ತಾಸು ವಿಶ್ರಾಂತಿ. ಒಂದು ವಾರದ ರಜೆಯಿಂದ ಇನ್ನೊಂದರ ನಡುವೆ ಮೂರು ಸಲ ಮಾತ್ರ ಅದನ್ನು 9ಕ್ಕೆ ಇಳಿಸಬಹುದು. ವಾರದ ರಜೆ 45 ತಾಸು. ಒಂದು ವಾರ 24ಕ್ಕೆ ಇಳಿಸಿದರೆ, ಕಡಿಮೆಯಾದದ್ದನ್ನು ಆಮೇಲೆ ತುಂಬಿಕೊಡಬೇಕು.

ನಿಯಮ ಯಾರು ಬೇಕಾದರೂ ಬರೀಬಹುದು. ಅದನ್ನು ನಡೆಸುವುದು ಟ್ಯಾಕೋಗ್ರಾಫ್ ಅನ್ನುವ ಯಂತ್ರ. ಡ್ರೈವರ್ ತನ್ನ ಹೆಸರಿನ ಕಾರ್ಡು ಹಾಕಿದ ಕ್ಷಣದಿಂದ ಗಾಡಿ ಎಷ್ಟು ಹೊತ್ತು ಓಡಿತು, ಎಷ್ಟು ಹೊತ್ತು ನಿಂತಿತು ಎಲ್ಲಾ ದಾಖಲು. ಕಂಪನಿ ಆ ಕಾರ್ಡಿನ ಮಾಹಿತಿಯನ್ನು 28 ದಿನಕ್ಕೊಮ್ಮೆಯಾದರೂ ಇಳಿಸಿಕೊಂಡು ನೋಡಲೇಬೇಕು. ದಾರಿಯಲ್ಲಿ ತಪಾಸಣೆ ಮಾಡುವವರೂ ಅದನ್ನೇ ಕೇಳುತ್ತಾರೆ.

ನನಗೆ ಬಹಳ ಹಿಡಿಸಿದ್ದು ಇನ್ನೊಂದು ಮಾತು. ನಿಯಮ ಮುರಿದರೆ ಡ್ರೈವರ್ ಒಬ್ಬನ ತಲೆಗೆ ಕಟ್ಟಿ ಕೈತೊಳೆಯುವಂತಿಲ್ಲ. ವಿಶ್ರಾಂತಿ ಸಿಗುವ ಹಾಗೆ ಟ್ರಿಪ್ ಹಾಕಿಕೊಡುವುದು ಕಂಪನಿಯ ಜವಾಬ್ದಾರಿ. ಡ್ರೈವರ್ ನಿದ್ದೆಗೆಟ್ಟು ಓಡಿಸುವ ಹಾಗೆ ದೂರದ ಲೆಕ್ಕದಲ್ಲಿ, ಲೋಡಿನ ಲೆಕ್ಕದಲ್ಲಿ ಹಣದ ಆಸೆ ಹಚ್ಚುವುದಕ್ಕೂ ತಡೆ ಇದೆ. ತಪ್ಪು ಹೆಚ್ಚಾದರೆ ಕಂಪನಿಯ ಲೈಸೆನ್ಸೇ ಹೋಗಬಹುದು.

ಇಲ್ಲಿ ಎಲ್ಲಾ ಬಂಗಾರ ಅಂತಲೂ ತಿಳೀಬ್ಯಾಡ್ರಿ. ಎಂ25 ವರ್ತುಲ ರಸ್ತೆಯಲ್ಲಿ ಗಾಡಿ ಸಿಕ್ಕಿಕೊಂಡರೆ ತಾಸು ಕರಗುತ್ತಾ ಹೋಗುತ್ತದೆ, ನಿಲ್ಲಿಸಲು ಜಾಗ ಸಿಗುವುದಿಲ್ಲ. 18 ಟನ್ ಮೀರಿದ ಗಾಡಿಗೆ ರಾತ್ರಿ 9ರಿಂದ ಬೆಳಗ್ಗೆ 7ರವರೆಗೆ ಲಂಡನ್ನಿನ ಬಹಳಷ್ಟು ರಸ್ತೆಗಳಲ್ಲಿ ನಿರ್ಬಂಧ. ಅಂಕಲ್ ಎಷ್ಟೋ ರಾತ್ರಿ ಶೌಚಾಲಯವೂ ಇಲ್ಲದ ರಸ್ತೆ ಬದಿಯಲ್ಲೇ ಮಲಗಿದ್ದಾರಂತೆ. 2021ರಲ್ಲಿ ಡ್ರೈವರುಗಳ ಕೊರತೆ ಬಂದಾಗ ಸರ್ಕಾರವೇ ಈ ತಾಸುಗಳನ್ನು ಸ್ವಲ್ಪ ಕಾಲ ಸಡಿಲಿಸಿತ್ತು. ಆದರೂ ಸಡಿಲಿಸಲಿಕ್ಕೆ ಒಂದು ಲೆಕ್ಕ ಅಂತ ಇತ್ತಲ್ಲ!

ನಮ್ಮಲ್ಲಿ ಕಾನೂನೇ ಇಲ್ಲ ಅಂತಲ್ಲ. ಮೋಟಾರು ಸಾರಿಗೆ ಕೆಲಸಗಾರರ ಕಾಯ್ದೆ 1961ರಲ್ಲೇ ಬಂತು. ದಿನಕ್ಕೆ 8 ತಾಸು, ವಾರಕ್ಕೆ 48 ತಾಸು, 5 ತಾಸು ಕೆಲಸದ ನಂತರ ಅರ್ಧ ತಾಸು ವಿಶ್ರಾಂತಿ ಅಂತ ಬರೆದರು. 1988ರ ಮೋಟಾರು ವಾಹನ ಕಾಯ್ದೆಯ 91ನೇ ಕಲಮು ಕೂಡ ಅದನ್ನೇ ಎತ್ತಿ ಹಿಡಿಯಿತು. ಕಾಗದದ ಮೇಲೆ ನಮ್ಮದು ಇಲ್ಲಿಗಿಂತ ಬಿಗಿ! ಆದರೆ ಅಳೆಯುವವರು ಯಾರು? ಸರಕಿಗೆ ಇ-ವೇ ಬಿಲ್ ಇದೆ. ಗಾಡಿಗೆ ಫಾಸ್ಟ್‌ಟ್ಯಾಗ್ ಇದೆ, ಯಾವ ಟೋಲ್ ಎಷ್ಟು ಹೊತ್ತಿಗೆ ದಾಟಿತು ಅಂತ ಮಾಲೀಕರ ಮೊಬೈಲಿಗೆ ಮೆಸೇಜು ಬರುತ್ತದೆ. ಒಳಗೆ ಕೂತವನು ಎಷ್ಟು ತಾಸಿನಿಂದ ಕಣ್ಣು ಮುಚ್ಚಿಲ್ಲ ಅನ್ನುವುದಕ್ಕೆ ಮಾತ್ರ ಲೆಕ್ಕವಿಲ್ಲ.

ನರ್ಸ್ ಆಗಿ ಒಂದು ಮಾತು. ಸತತ 17 ತಾಸು ಎಚ್ಚರ ಇದ್ದವನ ಕೈ–ಕಣ್ಣಿನ ಹಿಡಿತ, 100 ಮಿ.ಲೀ. ರಕ್ತದಲ್ಲಿ 50 ಮಿ.ಗ್ರಾಂ ಆಲ್ಕೋಹಾಲ್ ಇದ್ದವನ ಮಟ್ಟಕ್ಕೆ ಇಳಿಯುತ್ತದೆ ಅಂತ ಆಸ್ಟ್ರೇಲಿಯಾದ ಸಂಶೋಧಕರು 1997ರಲ್ಲೇ ತೋರಿಸಿದರು. ಭಾರತದಲ್ಲಿ ಕುಡಿದು ಓಡಿಸುವುದಕ್ಕೆ ಇರುವ ಮಿತಿ 30 ಮಿ.ಗ್ರಾಂ. ಒಂದು ಹನಿ ಕುಡಿಯದವನೂ ನಿದ್ದೆಗೆಟ್ಟರೆ ಆ ಮಿತಿ ದಾಟಿದವನ ಹಾಗೇ. ಊದಿಸಿದರೆ ಅದು ಗೊತ್ತಾಗುವುದಿಲ್ಲ, ಅಷ್ಟೇ. ಹುಬ್ಬಳ್ಳಿಯಲ್ಲಿ ಕ್ಯಾಜುವಾಲ್ಟಿ ಡ್ಯೂಟಿ ಮಾಡುವಾಗ ಬೆಳಗಿನ ಜಾವ ಬರುತ್ತಿದ್ದ ಲಾರಿ ಕೇಸುಗಳ ಹಿಂದೆಯೇ “ಡ್ರೈವರ್ ಕುಡಿದಿದ್ದನಾ?” ಅನ್ನುವ ಪ್ರಶ್ನೆ ಬರುತ್ತಿತ್ತು. “ಯಾವಾಗ ಮಲಗಿದ್ದ?” ಅಂತ ಒಬ್ಬರೂ ಕೇಳುತ್ತಿರಲಿಲ್ಲ.

ಯಂತ್ರ ಯಾಕೆ ಬೇಕು ಅನ್ನುವುದು ನನ್ನ ಕೆಲಸದಲ್ಲೇ ಕಾಣುತ್ತದೆ. ಇಲ್ಲಿ 6 ತಾಸಿಗಿಂತ ಹೆಚ್ಚು ದುಡಿಯುವವರಿಗೆ 20 ನಿಮಿಷ ವಿರಾಮ ಕಾನೂನಿನ ಹಕ್ಕು. ಆದರೆ ನಮಗೆ ಟ್ಯಾಕೋಗ್ರಾಫ್ ಇಲ್ಲ. ಹನ್ನೆರಡೂವರೆ ತಾಸಿನ ನೈಟ್ ಶಿಫ್ಟಿನಲ್ಲಿ ಇಬ್ಬರು ಪೇಷಂಟ್ ಸೀರಿಯಸ್ ಆದರೆ ಆ 20 ನಿಮಿಷ ಮಾಯ, ಯಾರೂ ಕೇಳುವುದಿಲ್ಲ. ಅಳೆಯದ ಹಕ್ಕು ಮೊದಲು ಸಾಯುತ್ತದೆ.

2024ರ ಜನವರಿಯಲ್ಲಿ ಲಾರಿಯವರು ಮುಷ್ಕರ ಹೂಡಿದ್ದು ನೆನಪಿದೆಯಲ್ಲ? ಅಪಘಾತ ಮಾಡಿ, ತಿಳಿಸದೆ ಓಡಿಹೋದರೆ 10 ವರ್ಷದವರೆಗೆ ಜೈಲು ಅನ್ನುವ ಹೊಸ ಕಲಮಿನ ವಿರುದ್ಧ. ಅದೇ ವರ್ಷ ಜುಲೈ 1ಕ್ಕೆ ಉಳಿದ ಕಾನೂನು ಜಾರಿಯಾಯಿತು, ಆ ಕಲಮನ್ನು ಮಾತ್ರ ತಡೆಹಿಡಿದರು. ಓಡಿಹೋಗುವುದು ತಪ್ಪೇ, ನಾನು ಅದನ್ನು ಸಮರ್ಥಿಸುವುದಿಲ್ಲ. ಆದರೆ ಅಪಘಾತ ಆದ ಮೇಲಿನ ಶಿಕ್ಷೆಯ ಮೇಲೆ ಅಷ್ಟು ಗಲಾಟೆ ಆಯಿತು, ಅಪಘಾತಕ್ಕೆ ಮುಂಚಿನ ನಿದ್ದೆಯ ಬಗ್ಗೆ ಅದರ ಕಾಲು ಭಾಗವೂ ಆಗಲಿಲ್ಲ.

“ಅಲ್ಲಿಯ ಸಂಬಳ ಕೊಟ್ಟರೆ ನಾವೂ ಮಲಗ್ತೀವಿ” ಅಂತ ಬರೆಯುತ್ತೀರಿ, ಗೊತ್ತು. ನ್ಯಾಯವಾದ ಮಾತೇ. ಟ್ರಿಪ್ಪಿಗೆ ಇಷ್ಟು ಅಂತ ದುಡಿಯುವವನಿಗೆ ವಿಶ್ರಾಂತಿ ಅಂದರೆ ನಷ್ಟ. ಅದಕ್ಕೇ ನನ್ನ ಮಾತು ಡ್ರೈವರಿಗಿಂತ ಲೋಡು ಕಳಿಸುವವರಿಗೆ. ಪೇಟೆಯಲ್ಲಿ ದಲಾಲಿ ಅಂಗಡಿ ಇರುವ ಮಾಮಾಗಳೇ, ಲಾರಿ ಇಟ್ಟಿರುವ ಅಣ್ಣಂದಿರೇ, ಸರ್ಕಾರ ಯಂತ್ರ ಕೂಡಿಸುವ ತನಕ ಕಾಯಬೇಕಿಲ್ಲ. “ಬೆಳಗಾಗೂದ್ರಾಗ ಮುಟ್ಟಿಸಿದ್ರ ಸಾವಿರ ಹೆಚ್ಚಿಗಿ” ಅನ್ನುವುದನ್ನು ಬಿಡಿ. ದೂರದ ಲೋಡಿಗೆ ಇಬ್ಬರನ್ನು ಕಳಿಸಿ. ಆಗದಿದ್ದರೆ ರಾತ್ರಿ ಆರು ತಾಸು ನಿಲ್ಲುವುದನ್ನು ಬಾಡಿಗೆಯಲ್ಲೇ ಹಿಡಿಯಿರಿ. ಒಣಗಿದ ಮೆಣಸಿನಕಾಯಿ ಆರು ತಾಸು ತಡವಾದರೆ ಕೊಳೆಯುವುದಿಲ್ಲ.

ಒಪ್ಪದವರು ಕೆಳಗೆ ಬರೀರಿ, ಜಗಳ ಆಡೋಣ. ಇವತ್ತು ನೈಟ್ ಡ್ಯೂಟಿ ಇದೆ, ಉತ್ತರ ನಾಳೆ ಮಧ್ಯಾಹ್ನ ಕೊಡ್ತೀನಿ. ಮಲಗಿ ಎದ್ದ ಮೇಲೆ.